ಕೋಟೆ ಮೇಷ್ಟ್ರ ಸೇತುವೆ

"ಇನ್ನೊಂದು ಚೊಂಬು ಸುರಿಯಮ್ಮ," ಎಂದಳು ಸಂಶಯಮ್ಮ.

"ಕೋಟೆ ಗೋಡೆ ರಟ್ಟಿಂದು ಮೇಡಂ. ನೆನೆದುಹೋಗುತ್ತೆ."

"ಗೋಡೆಗೆ ತಾಗದ ಹಾಗೆ ಸುರಿ. ನಿಧಾನಕ್ಕೆ. ಬೆಟ್ಟದ ಕಡೆಯಿಂದ."

ಮೇಷ್ಟ್ರ ಮಗಳು ಚೊಂಬು ಬಗ್ಗಿಸಿದಳು. ಕೋಣೆಯ ಮುಕ್ಕಾಲು ಪಾಲು ನುಂಗಿದ್ದ ಆ ದೊಡ್ಡ ಮೇಜಿನ ಮೇಲೆ, ಸಿಮೆಂಟಿನ ಪುಟ್ಟ ಬೆಟ್ಟದ ಬುಡದಿಂದ ನೀರು ಹೊರಟಿತು. ಅಂಕುಡೊಂಕು ಕಾಲುವೆಯಲ್ಲಿ ಇಳಿದು, ಬಿದಿರುಕಡ್ಡಿಯ ಸೇತುವೆಯಡಿ ನುಸುಳಿ, ಆಮೇಲೆ ರಟ್ಟಿನ ಕೋಟೆಯನ್ನು ಬಳಸಿಕೊಂಡು, ಮೇಜಿನ ತುದಿಗೆ ಇಟ್ಟಿದ್ದ ಬಕೆಟ್ಟಿಗೆ ತೊಟತೊಟನೆ ಬಿತ್ತು.

ಸಂಶಯಮ್ಮ ಒಂದು ಬೆಂಕಿಕಡ್ಡಿಯನ್ನು ಕೋಟೆಯ ನೀರುಬಾಗಿಲ ಬಳಿ ತೇಲಿಬಿಟ್ಟಳು. ಕಡ್ಡಿ ಒಂದು ಸುತ್ತು ಗಿರಕಿ ಹೊಡೆದು ಸೀದಾ ಬಕೆಟ್ಟಿಗೆ ಹೋಯಿತು. ಎರಡನೆಯದನ್ನು ಬಿಟ್ಟಳು. ಅದೂ ಅಣ್ಣನ ದಾರಿಯನ್ನೇ ಹಿಡಿಯಿತು.

"ಒಂದಾದ್ರೂ ಸೇತುವೆ ಕಡೆ ಹೋಗ್ಲಿಲ್ವಲ್ಲ."

"ಹೇಗೆ ಹೋಗುತ್ತೆ ಮೇಡಂ? ಸೇತುವೆ ಇರೋದು ನೀರು ಬರೋ ಕಡೆ. ಕಡ್ಡಿಗೇನು ಹುಟ್ಟು ಕೊಟ್ಟಿದ್ದೀರಾ?"

"ಕೊಟ್ಟಿಲ್ಲ. ಕಿರಿಯ ರಾಣಿ ಹತ್ತಿರಾನೂ ಇರಲಿಲ್ಲ." ಸಂಶಯಮ್ಮ ಚೀಲದಿಂದ ಹಾಳೆಯ ಕಟ್ಟೊಂದನ್ನು ತೆಗೆದು, ಗುರುತಿಟ್ಟಿದ್ದ ಪುಟ ಬಿಡಿಸಿ ಓದಿದಳು. "'ದೋಣಿಯಲ್ಲಿ ಹುಟ್ಟು ಇರಲಿಲ್ಲ. ಕೋಟೆಯ ಬಾಗಿಲು ಬಿಟ್ಟ ಕಿರಿಯ ರಾಣಿಯನ್ನು ಕರಿಹೊಳೆ ತಾನೇ ಎತ್ತಿಕೊಂಡು ಹೋಗಿ ಸೇತುವೆಯ ಕಮಾನಿನಡಿ ದಾಟಿಸಿತು.' ಇದು ನಿಮ್ಮಪ್ಪನ ಹೊಸ ಪುಸ್ತಕ. ಇದು ನಿಮ್ಮಪ್ಪನ ಹೊಳೆ. ಈಗ ಹೇಳು, ಇವೆರಡರಲ್ಲಿ ಯಾವುದು ಸುಳ್ಳು?"

ಮಗಳು ಪಕ್ಕದ ಸ್ಟೂಲಿನ ಮೇಲೆ ಕುಸಿದಳು. ಚೊಂಬು ಇನ್ನೂ ಕೈಯಲ್ಲೇ ಇತ್ತು.

ಸಂಶಯಮ್ಮ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಪೊಲೀಸ್ ಇಲಾಖೆಯಲ್ಲಿದ್ದಾಗ ಜೊತೆಯವರು ಬೆನ್ನ ಹಿಂದೆ ಇಟ್ಟದ್ದು. ಕೆಲಸ ಬಿಟ್ಟು ಸ್ವಂತ ಪತ್ತೇದಾರಿ ಕಚೇರಿ ತೆರೆದಾಗ ಆಕೆ ಅದನ್ನೇ ಬಿರುದಿನಂತೆ ಮುಂದಕ್ಕೆ ತಂದುಕೊಂಡಳು. ಹಾಲು ಕಂಡರೆ ನೀರೆಷ್ಟು ಎಂದು ಕೇಳುವ ಹೆಂಗಸು. ಹಾರುವ ಕುದುರೆ ಎದುರು ಬಂದರೂ ಬೆರಗಾಗುವ ಬದಲು ಲೈಸೆನ್ಸ್ ತೋರಿಸು ಎನ್ನುವವಳು. ಇಂಥವಳು ಈ ಕೇಸಿನ ಪುಣ್ಯದಿಂದ ಎಂಟು ಸಂಪುಟ ಮಾಂತ್ರಿಕರ ಕಥೆ ಓದಬೇಕಾಗಿ ಬಂದಿತ್ತು. ಬೈದುಕೊಂಡೇ ಶುರುಮಾಡಿದ್ದಳು. ನಾಲ್ಕನೆಯದರಲ್ಲಿ ಕುಂಟು ಕಮ್ಮಾರ ಸತ್ತಾಗ ಕಣ್ಣೊರೆಸಿಕೊಂಡದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಓದುಗರೆಲ್ಲ ಕೋಟೆ ಮೇಷ್ಟ್ರು ಎಂದು ಕರೆಯುವ ಆ ಕಾದಂಬರಿಕಾರರು ಬೆಳಗಿನ ವಾಕಿಂಗಿಗೆ ಹೋದವರು ಮರಳದೆ ಚಳಿಗಾಲ ಕಳೆದು ಬೇಸಿಗೆ ಬಂದಿತ್ತು. ಪೊಲೀಸರು ಕೆರೆ, ಆಸ್ಪತ್ರೆ ಎಂದು ಹುಡುಕುತ್ತಿದ್ದಾಗಲೇ ಅವರ ಪ್ರಕಾಶಕನಿಗೆ ಅಂಚೆಯಲ್ಲಿ ಒಂದು ಕಟ್ಟು ಬಂತು. ಒಂಬತ್ತನೆಯ, ಕೊನೆಯ ಸಂಪುಟದ ಟೈಪಾದ ಪ್ರತಿ. ಜೊತೆಗೆ ಮೇಷ್ಟ್ರ ಸಹಿ ಹಾಕಿದ ಚೀಟಿ: ನಾನು ಕ್ಷೇಮ, ಹುಡುಕಬೇಡಿ. ಬುದ್ಧಿ ಬಲಿತ ಮನುಷ್ಯ ತಾನಾಗಿ ಹೋಗಿದ್ದಾನೆ, ಕೂತು ಕಾದಂಬರಿಯನ್ನೂ ಬರೆಯುತ್ತಿದ್ದಾನೆ ಎಂದ ಮೇಲೆ ಪೊಲೀಸರಿಗೆ ಅಲ್ಲೇನು ಕೆಲಸ? ಕಡತ ಮುಚ್ಚಿದರು. ಅಪ್ಪ ಬದುಕಿದ್ದಾರೆ ಎನ್ನುವುದಕ್ಕೆ ಮಗಳ ಬಳಿ ಉಳಿದಿದ್ದ ಆಧಾರ ಆ ಒಂದು ಪುಸ್ತಕ.

ಈಗ ಆ ಆಧಾರ ಎರಡು ಬೆಂಕಿಕಡ್ಡಿಗಳ ಜೊತೆ ಬಕೆಟ್ಟಿನಲ್ಲಿ ತೇಲುತ್ತಿತ್ತು.

"ಅಪ್ಪ ಮರೆತಿರಬಹುದಲ್ವಾ ಮೇಡಂ?" ಮಗಳ ದನಿ ಸಣ್ಣದಾಗಿತ್ತು. "ಎಲ್ಲೋ ದೂರದಲ್ಲಿ ಕೂತು, ಈ ಮೇಜಿಲ್ಲದೆ ಬರೆದಿರಬಹುದಲ್ವಾ?"

"ನೀನೇ ಹೇಳಿದ್ಯಲ್ಲ, ಈ ಮೇಜಿಲ್ಲದೆ ನಿಮ್ಮಪ್ಪನಿಗೆ ಒಂದು ಸಾಲೂ ಬರಲ್ಲ ಅಂತ."

ಅದು ನಿಜ. ಮೇಷ್ಟ್ರ ಬರವಣಿಗೆಯ ಬದುಕು ಹುಟ್ಟಿದ್ದೇ ಇಂಥದೊಂದು ಮೇಜಿನ ಮೇಲೆ. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವರು ವಸ್ತುಪ್ರದರ್ಶನಕ್ಕೆಂದು ಬೆಟ್ಟ, ನದಿ, ಕೋಟೆಗಳ ಮಾದರಿ ಮಾಡಿಟ್ಟರು. ಇದು ಯಾವ ದೇಶ ಎಂದು ಹೆಡ್‌ಮಾಸ್ತರರು ಕೇಳಿದರು. ಯಾವ ದೇಶವೂ ಅಲ್ಲ, ಕೈ ಹೋದ ಕಡೆ ಮಾಡಿದೆ ಎನ್ನಲು ನಾಚಿಕೆಯಾಗಿ, ಮೇಷ್ಟ್ರು ನಿಂತ ನಿಲುವಿನಲ್ಲೇ ಆ ನಾಡಿಗೊಂದು ಚರಿತ್ರೆ ಕಟ್ಟಿ ಹೇಳಿದರು. ಹೆಡ್‌ಮಾಸ್ತರರು ನಂಬಿದರು. ಮಕ್ಕಳು ಇನ್ನೂ ಹೇಳಿ ಎಂದರು. ಆ 'ಇನ್ನೂ' ಎಂಟು ಸಂಪುಟಗಳವರೆಗೆ ಬೆಳೆಯಿತು.

ಶುರುವಿನಲ್ಲಿ ಯಾರೂ ಮೂಸಿ ನೋಡಲಿಲ್ಲ. ಮಂತ್ರ ತಂತ್ರ ಎಲ್ಲ ಮಕ್ಕಳಿಗೆ, ದೊಡ್ಡವರಿಗೆ ಬೇರೇನಾದರೂ ಬರೆಯಿರಿ ಎಂದು ಪ್ರಕಾಶಕರು ವಾಪಸು ಕಳಿಸಿದರು. ಕೊನೆಗೆ ರಸೀದಿ ಪುಸ್ತಕ, ಕರಪತ್ರ ಅಚ್ಚು ಹಾಕಿಕೊಂಡಿದ್ದ ಹೆಂಡತಿಯ ತಮ್ಮ ಧೈರ್ಯ ಮಾಡಿದ. ಮೂರನೆಯ ಸಂಪುಟದ ಹೊತ್ತಿಗೆ ಅಂಗಡಿಯ ಮುಂದೆ ಸಾಲು ನಿಂತಿತ್ತು. ವಿಮರ್ಶಕರು ಮೂಗು ಮುರಿದರು, ಅವರ ಮಕ್ಕಳು ಹೊದಿಕೆಯೊಳಗೆ ಟಾರ್ಚ್ ಹಾಕಿಕೊಂಡು ಓದಿದರು.

ಬರೆಯುವ ಕ್ರಮ ಮಾತ್ರ ಬದಲಾಗಲಿಲ್ಲ. ಯಾವ ದೃಶ್ಯವಾದರೂ ಮೊದಲು ಈ ಕೋಣೆ. ನೀರು ಬಿಟ್ಟು ನೋಡುವುದು, ದೀಪ ಹಿಡಿದು ಯಾವ ಗೋಪುರದ ನೆರಳು ಎಲ್ಲಿ ಬೀಳುತ್ತದೆಂದು ನೋಡುವುದು, ಆಮೇಲೆ ಪಕ್ಕದ ಕೋಣೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂರುವುದು. ಈ ಬಾಗಿಲಿನೊಳಗೆ ಮಗಳಿಗೆ ಬಿಟ್ಟು ಇನ್ನೊಬ್ಬರಿಗೆ ಪ್ರವೇಶವಿರಲಿಲ್ಲ.

"ಪುಸ್ತಕದ ನಕ್ಷೆ ನೋಡು." ಸಂಶಯಮ್ಮ ಮೊದಲ ಸಂಪುಟವನ್ನು ಮೇಜಿನ ಅಂಚಿಗಿಟ್ಟಳು. "ಇದರಲ್ಲಿ ಸೇತುವೆ ಕೋಟೆಗಿಂತ ಕೆಳಗೆ, ನೀರು ಹೋಗೋ ಕಡೆ ಇದೆ. ನಿಮ್ಮಪ್ಪನ ಮೇಜಿನ ಮೇಲೆ ತಿರುಗುಮುರುಗು. ಇದ್ಯಾಕೆ ಹೀಗೆ?"

ಇಷ್ಟು ದುಗುಡದಲ್ಲೂ ಮಗಳ ತುಟಿಯಂಚಿನಲ್ಲಿ ನಗು ಸುಳಿಯಿತು. "ಆ ನಕ್ಷೆ ಬರೆಸಿದ್ದು ಮಾವ. ಅಪ್ಪ ಮಾವನಿಗೆ ಫೋನಲ್ಲಿ ಹೇಳಿದ್ರು, ಮಾವ ಚಿತ್ರಗಾರನಿಗೆ ಹೇಳಿದ್ರು. ಅಷ್ಟರಲ್ಲಿ ಸೇತುವೆ ಆ ಕಡೆಯಿಂದ ಈ ಕಡೆಗೆ ಬಂದುಬಿಡ್ತು."

"ತಿದ್ದಿಸಲಿಲ್ವಾ?"

"ಇಲ್ಲ. ಯಾರೂ ಮುಟ್ಟದ ಕಥೇನ ಅವನು ಅಚ್ಚು ಮಾಡಿದ್ದಾನೆ, ನಿನ್ನ ನಕ್ಷೆ ತಪ್ಪು ಅಂತ ಯಾವ ಬಾಯಲ್ಲಿ ಹೇಳಲಿ ಅಂದ್ರು. ಅದರ ಬದಲು ಸೇತುವೆ ಹತ್ತಿರ ಒಬ್ಬರನ್ನೂ ಬಿಡಲಿಲ್ಲ. ಎಂಟು ಪುಸ್ತಕದಲ್ಲಿ ಯುದ್ಧ ಆಗುತ್ತೆ, ಮದುವೆ ಆಗುತ್ತೆ, ಬೆಂಕಿಹಾವು ಬಂದು ಊರು ಸುಡುತ್ತೆ. ಸೇತುವೆ ದಾಟೋರು ಮಾತ್ರ ಯಾರೂ ಇಲ್ಲ. ಅದಕ್ಕೇನೋ ಶಾಪ ಇದೆ ಅಂತ ಓದುಗರು ನಂಬಿದ್ದಾರೆ ಮೇಡಂ."

ಸಂಶಯಮ್ಮ ನಗಲಿಲ್ಲ. ಎಂಟು ಸಂಪುಟ ಸೇತುವೆಯನ್ನು ತಪ್ಪಿಸಿಕೊಂಡು ಬರೆದ ಮನುಷ್ಯ ಒಂಬತ್ತನೆಯದರಲ್ಲಿ ರಾಣಿಯನ್ನೇ ಅದರ ಕೆಳಗೆ ಕಳಿಸುತ್ತಾನೆಯೇ? ಇದನ್ನು ಬರೆದವನು ಮೇಜನ್ನು ಕಂಡವನಲ್ಲ. ಅಚ್ಚಾದ ನಕ್ಷೆಯನ್ನು ಮುಂದಿಟ್ಟುಕೊಂಡು, ಅದೇ ವೇದವಾಕ್ಯ ಎಂದು ನಂಬಿ ಬರೆದವನು.

ಅವಳಿಗೆ ಮೊದಲೇ ಇನ್ನೊಂದು ಕಡೆ ಮುಳ್ಳು ಚುಚ್ಚಿತ್ತು. ಮೇಷ್ಟ್ರ ಕಥೆಯಲ್ಲಿ ಅಪರಿಚಿತನೊಬ್ಬ ಒಳಗೆ ಬಂದರೆ ಮುಖಕ್ಕಿಂತ ಮೊದಲು ವಾಸನೆ ಬರುತ್ತದೆ: ಒದ್ದೆ ಚರ್ಮ, ಹೊಗೆ, ತುಕ್ಕು. ಓದುಗರಿಗೆ ಅದು ಅವರ ಮುದ್ರೆಯಿದ್ದ ಹಾಗೆ. ಹೊಸ ಸಂಪುಟದಲ್ಲಿ ಎಲ್ಲರಿಗೂ ವಾಸನೆ. ರಾಣಿ ತನ್ನ ಕೋಣೆಗೆ ತಾನು ಹೋದರೂ ವಾಸನೆ. ಅತಿ ವಿನಯಂ ಧೂರ್ತ ಲಕ್ಷಣಂ ಎನ್ನುವುದು ಬರವಣಿಗೆಗೂ ಸಲ್ಲುತ್ತದೆ. ಮೇಷ್ಟ್ರ ಶೈಲಿಯನ್ನು ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲ ಯಾರೋ ಒಬ್ಬರು ಇದನ್ನು ಬರೆದಿದ್ದರು.

"ನಿಮ್ಮಪ್ಪನ ಪುಸ್ತಕಗಳನ್ನ ತಿದ್ದಿ ಕೊಡ್ತಿದ್ದವರು ಯಾರು?"

ಮಗಳು ತಟ್ಟನೆ ತಲೆಯೆತ್ತಿದಳು. "ಮಾವ ಅಂಥವರಲ್ಲ ಮೇಡಂ."

"ಅಂಥವರು ಅಂತ ಯಾರೂ ಹಣೆ ಮೇಲೆ ಬರ್ಕೊಂಡು ಬರಲ್ಲ. ನಡಿ, ಕಾರಲ್ಲಿ ಕೂತಿರುವಂತೆ."

ಮುದ್ರಣಾಲಯದ ಕೆಳಗಿನ ಅಂಗಳದಲ್ಲಿ ಹಾಳೆ ಕತ್ತರಿಸುವ ಯಂತ್ರ, ಅಂಟಿನ ಡಬ್ಬ, ಆಳೆತ್ತರದ ಕಾಗದದ ರಾಶಿ. ಮೇಲೆ ಗಾಜಿನ ಕೋಣೆಯಲ್ಲಿ ಪ್ರಕಾಶಕ. ಮೈಕೈ ತುಂಬಿಕೊಂಡ ಮನುಷ್ಯ. ಕಿವಿಯ ಮೇಲೆ ಒಂದು ಪೆನ್ಸಿಲು, ಜೇಬಿನಲ್ಲಿ ಇನ್ನೊಂದು, ಹುಡುಕುತ್ತಿದ್ದದ್ದು ಮೂರನೆಯದನ್ನು.

"ಬನ್ನಿ ಮೇಡಂ, ಕೂತ್ಕೊಳ್ಳಿ. ನಮ್ಮ ಭಾವನ ಸುದ್ದಿ ಏನಾದ್ರೂ?"

"ಸುದ್ದಿ ಇಲ್ಲ. ಒಂದು ಸಣ್ಣ ಅನುಮಾನ. ನಾನು ಕಥೆ ಕಾದಂಬರಿ ಓದಿದವಳಲ್ಲ ನೋಡಿ. ಆ ದೋಣಿ ಪ್ರಸಂಗ ತಲೆಗೆ ಹತ್ತಲಿಲ್ಲ."

ಪ್ರಕಾಶಕನ ಮುಖ ಅರಳಿತು. ಮೇಜಿನ ಗಾಜಿನ ಮೇಲೆ ಲೋಟದ ನೀರಲ್ಲಿ ಬೆರಳದ್ದಿ ಗೆರೆ ಎಳೆದ. "ಇದು ಕರಿಹೊಳೆ. ಇದು ಕೋಟೆ. ರಾಣಿ ಇಲ್ಲಿಂದ ಹೊರಡ್ತಾಳೆ. ಹುಟ್ಟಿಲ್ಲ, ಕಾವಲುಗಾರರು ಮೇಲೆ ಬಿಲ್ಲು ಹಿಡ್ಕೊಂಡು ನಿಂತಿದ್ದಾರೆ. ಉಸಿರು ಬಿಗಿ ಹಿಡಿದು ಮಲಗ್ತಾಳೆ. ಹೊಳೆ ಅವಳನ್ನ ಹೀಗೆ ತಗೊಂಡು ಹೋಗಿ, ಇಲ್ಲಿ, ಸೇತುವೆ ಕೆಳಗೆ..."

"ಕಣ್ಣಾರೆ ಕಂಡವರ ಹಾಗೆ ಹೇಳ್ತೀರಲ್ಲ!"

"ಮೂವತ್ತು ವರ್ಷ ಭಾವನ ಬರಹ ತಿದ್ದಿದ್ದೀನಿ ಮೇಡಂ."

"ಆ ಸೇತುವೆಯನ್ನ ಭಾವನ ಮೇಜಿನ ಮೇಲೆ ನೋಡಿದ್ದೀರಾ?"

ಬೆರಳು ನಿಂತಿತು.

"ಇಲ್ಲ," ಎಂದ. "ಒಂದ್ಸಲ ಹೇಳದೆ ಕೇಳದೆ ಫೋಟೋದವನನ್ನ ಕರ್ಕೊಂಡು ಹೋಗಿದ್ದೆ. ಬಾಗಿಲಲ್ಲೇ ಅವನ ಮೊಣಕೈ ತಾಗಿ ಗೋಪುರ ಮುರೀತು. ಅವತ್ತಿಂದ ಭಾವ ನನ್ನನ್ನ ಹೊಸ್ತಿಲು ದಾಟಿಸಿಲ್ಲ."

"ಅದಕ್ಕೇ ನಿಮಗೆ ಗೊತ್ತಿಲ್ಲ. ಸೇತುವೆ ಈ ಕಡೆ ಇಲ್ಲ ಸ್ವಾಮಿ." ಸಂಶಯಮ್ಮ ತನ್ನ ಬೆರಳಿನಿಂದ ಅವನ ಸೇತುವೆಯನ್ನು ಒರೆಸಿ, ಕೋಟೆಯ ಮೇಲ್ಗಡೆ ಹೊಸದೊಂದನ್ನು ಎಳೆದಳು. "ಇಲ್ಲಿದೆ. ನೀರು ಬರೋ ಕಡೆ. ಈಗ ತಾನೇ ನೀರು ಬಿಟ್ಟು ನೋಡಿ ಬಂದೆ."

ಪ್ರಕಾಶಕ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗಿಬಿಟ್ಟಿದ್ದ ಮೊದಲ ಸಂಪುಟದ ನಕ್ಷೆಯತ್ತ ತಿರುಗಿದ. ಬಹಳ ಹೊತ್ತು ನೋಡಿದ.

"ಹಾಗಾದ್ರೆ ಇದು ತಪ್ಪಾ? ಮೊದಲನೇ ಪುಸ್ತಕದಿಂದಲೂ?"

"ಮೊದಲನೇ ಪುಸ್ತಕದಿಂದಲೂ."

"ಭಾವ ಒಂದು ಮಾತು ಹೇಳಲಿಲ್ಲವಲ್ಲ ನನಗೆ!"

"ನಿಮ್ಮ ಮನಸ್ಸು ನೋಯುತ್ತೆ ಅಂತ ಹೇಳಲಿಲ್ಲ. ಎಂಟು ಸಂಪುಟ ಸೇತುವೆ ಬಿಟ್ಟು ಬರೆದ್ರು. ನಿಮ್ಮ ಮೇಲಿನ ಮರ್ಯಾದೆಗೆ."

ಆ ದೊಡ್ಡ ಮನುಷ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಸಿಕ್ಕಿಬಿದ್ದು ಅತ್ತವರನ್ನು ಸಂಶಯಮ್ಮ ಬೇಕಾದಷ್ಟು ಕಂಡಿದ್ದಳು. ಇದು ಆ ಅಳುವಲ್ಲ ಎಂದು ಅವಳಿಗೂ ಅನ್ನಿಸಿತು. ಅನ್ನಿಸಿದ್ದನ್ನು ನಂಬುವ ಅಭ್ಯಾಸ ಇರಲಿಲ್ಲ, ಅಷ್ಟೇ.

"ಬರೆದದ್ದು ನೀವು," ಎಂದಳು.

"ನಾನೇ."

"ಚೀಟಿಯ ಸಹಿ?"

"ಅದೂ ನಾನೇ. ಓದುಗರಿಗೆ ಕೊಡೋ ಪ್ರತಿಗಳಿಗೆಲ್ಲ ವರ್ಷಾನುಗಟ್ಟಲೆ ನಾನೇ ತಾನೇ ಸಹಿ ಹಾಕಿದ್ದು. ಭಾವನಿಗೆ ಅದೆಲ್ಲ ಬೇಜಾರು. ಯಾವುದು ಅವರದ್ದು, ಯಾವುದು ನನ್ನದು ಅಂತ ಅವರಿಗೇ ಗೊತ್ತಾಗ್ತಿರಲಿಲ್ಲ."

"ಯಾಕೆ ಮಾಡಿದ್ರಿ?"

"ಹುಡುಗಿ ಊಟ ಬಿಟ್ಟಿದ್ದಳು ಮೇಡಂ. ಅಕ್ಕ ತೀರಿಕೊಂಡ ಮೇಲೆ ಅವಳಿಗೆ ಅಪ್ಪ ಒಬ್ಬರೇ. ಗೋಡೆ ನೋಡ್ಕೊಂಡು ಮಲಗಿರೋಳು. ಅಪ್ಪನ ಪುಸ್ತಕ ಬಂತು ಅಂದ ದಿನ ಎದ್ದು ಕೂತು ಊಟ ಮಾಡಿದ್ಲು."

"ಅದೇ ದಿನ ಪೊಲೀಸರು ಹುಡುಕೋದು ನಿಲ್ಲಿಸಿದ್ರು." ಸಂಶಯಮ್ಮನಿಗೆ ನಿಜವಾಗಿ ಸಿಟ್ಟು ಬಂದಿತ್ತು. ಅದನ್ನು ಅವಳು ಮುಚ್ಚಿಡಲಿಲ್ಲ. "ನಿಮ್ಮ ಭಾವ ಎಲ್ಲಾದರೂ ಬಿದ್ದು ನರಳ್ತಾ ಇದ್ದಿದ್ರೆ? ಯಾರಾದ್ರೂ ಕೂಡಿ ಹಾಕಿದ್ದಿದ್ರೆ? ಹುಡುಕೋ ಕೈಗಳನ್ನ ಕಟ್ಟಿ ಹಾಕಿದ್ದು ನಿಮ್ಮ ಪುಸ್ತಕ."

ಅವನು ಗಾಜಿನ ಮೇಲೆ ಉಳಿದಿದ್ದ ನೀರಿನ ಗೆರೆಗಳನ್ನು ಅಂಗೈಯಿಂದ ಒರೆಸಿದ.

"ಇನ್ನೊಂದು ಕೇಳ್ತೀನಿ. ಬದುಕಿರೋ ಸಾಹಿತಿ ಹೆಸರಲ್ಲಿ ಪುಸ್ತಕ ಬರೆಯೋಕೆ ಎಂಟೆದೆ ಬೇಕು. ನಾಳೆ ಅವನು ಬಂದು, ಇದು ನನ್ನದಲ್ಲ ಅಂದ್ರೆ? ನಿಮ್ಮ ಭಾವ ವಾಪಸ್ ಬರಲ್ಲ ಅಂತ ನಿಮಗೆ ಖಾತ್ರಿ ಇತ್ತು. ಆ ಖಾತ್ರಿ ಎಲ್ಲಿಂದ ಬಂತು?"

"ಬರಲಿ ಅಂತಾನೇ ಬರೆದೆ!" ಅವನು ಎದ್ದು ನಿಂತ ರಭಸಕ್ಕೆ ಕಿವಿಯ ಪೆನ್ಸಿಲು ಉರುಳಿಬಿತ್ತು. "ಭಾವನ ಸಿಟ್ಟು ನಿಮಗೆ ಗೊತ್ತಿಲ್ಲ. ಒಂದು ಅಲ್ಪವಿರಾಮ ಕದಲಿಸಿದ್ರೆ ಮೂರು ದಿನ ಮಾತು ಬಿಡೋ ಮನುಷ್ಯ. ಅವರ ರಾಣಿ ಬಾಯಲ್ಲಿ ನಾನು ಮಾತಾಡಿಸಿದ್ದೀನಿ ಅಂತ ಗೊತ್ತಾದ್ರೆ, ಎಲ್ಲಿದ್ರೂ ಎದ್ದು ಬಂದು ನನ್ನ ಕತ್ತು ಹಿಡೀತಾರೆ ಅಂದ್ಕೊಂಡೆ. ಹಿಡೀಲಿ. ಬಂದರೆ ಸಾಕಿತ್ತು."

"ಬಂದ್ರಾ?"

ಪ್ರಕಾಶಕ ಗಾಜಿನ ಬಾಗಿಲತ್ತ ನೋಡಿ ದನಿ ತಗ್ಗಿಸಿದ.

"ಅದನ್ನೇ ಯಾರ ಹತ್ತಿರಾನೂ ಹೇಳೋಕಾಗದೆ ಒದ್ದಾಡ್ತಾ ಇದ್ದೀನಿ. ನಾನು ಬರೆದದ್ದು ಮೂವತ್ತೊಂದು ಅಧ್ಯಾಯ ಮೇಡಂ. ಈಗ ಪುಸ್ತಕದಲ್ಲಿ ಮೂವತ್ತೆರಡಿವೆ."

ಸಂಶಯಮ್ಮ ತನ್ನ ಕಟ್ಟನ್ನು ತಿರುವಿದಳು. ಅದರಲ್ಲಿದ್ದದ್ದು ಮೂವತ್ತೊಂದೇ. ಪೊಲೀಸರ ಕಡತದಲ್ಲಿದ್ದ ಮೊದಲ ಪ್ರತಿ ಅದು.

"ಪ್ರೂಫ್ ಯಾವಾಗಲೂ ಭಾವನ ಮನೆಗೇ ಹೋಗೋದು," ಎಂದ ಅವನು ಬೀರು ತೆಗೆಯುತ್ತಾ. "ಈ ಸಲಾನೂ ರೂಢಿ ಬಿಡಲಿಲ್ಲ, ಹುಡುಗಿಗೆ ಕಳಿಸಿದೆ. ವಾಪಸ್ ಬಂದಾಗ ಕೊನೆಯಲ್ಲಿ ಈ ಹಾಳೆಗಳಿದ್ದವು. ಯಾರು ಇಟ್ಟರು ಅಂತ ಕೇಳೋದು ಯಾರನ್ನ? ಕೇಳಿದ್ರೆ, ನಿನಗೆ ಹೇಗೆ ಗೊತ್ತು ಇದು ಹೊಸದು ಅಂತ, ಅನ್ನಲ್ವಾ? ನಾನೇ ಸಿಕ್ಕಿಬೀಳ್ತೀನಿ."

ಕಳ್ಳನಿಗೆ ಚೇಳು ಕಚ್ಚಿದ ಹಾಗೆ, ಎಂದುಕೊಂಡಳು ಸಂಶಯಮ್ಮ. ಕೂಗುವಂತೆಯೂ ಇಲ್ಲ. ಹಾಳೆಗಳನ್ನು ಕೈಗೆ ತೆಗೆದುಕೊಂಡು ನಿಂತೇ ಓದಿದಳು.

ಯಾರಿಗೂ ವಾಸನೆ ಇರಲಿಲ್ಲ. ಯುದ್ಧ ಮುಗಿದಿತ್ತು. ಮುದಿ ಮಾಂತ್ರಿಕ ತನ್ನ ಕೋಲನ್ನು ಒಲೆಗೆ ಹಾಕಿ, ಕೋಟೆಯ ನೀರುಬಾಗಿಲಿನಿಂದ ಹೊರಗೆ ಬಂದ. ದಡದ ಮೇಲೆ, ಹೊಳೆಗೆ ಎದುರಾಗಿ ಮೆಲ್ಲಗೆ ನಡೆದ. ಎಂಟು ಸಂಪುಟಗಳಲ್ಲಿ ಯಾರೂ ದಾಟದ ಸೇತುವೆಯನ್ನು ದಾಟಿದ. ಅವನನ್ನು ಬೀಳ್ಕೊಡಲು ಬಂದವಳು ಆ ದಡಕ್ಕೆ ಹೋಗಲಿಲ್ಲ. ಅಲ್ಲಿಗೆ ಪುಸ್ತಕ ಮುಗಿಯಿತು.

ಸಂಶಯಮ್ಮ ಕೊನೆಯ ಹಾಳೆಯನ್ನು ಇನ್ನೊಮ್ಮೆ ಓದಿದಳು. ಕುಂಟು ಕಮ್ಮಾರನನ್ನು ಕೊಂದ ಕೈ ಇದೇ ಇರಬೇಕು. ಅಥವಾ ಆ ಕೈ ಹಿಡಿದು ಅಕ್ಷರ ಕಲಿತ ಇನ್ನೊಂದು.

"ಹೊಳೆಗೆ ಎದುರಾಗಿ," ಎಂದಳು ಗಟ್ಟಿಯಾಗಿ. "ಸೇತುವೆ ಎಲ್ಲಿದೆ ಅಂತ ಗೊತ್ತಿದ್ದವರು ಬರೆದದ್ದು."

"ಭಾವಾನೇ ಮೇಡಂ! ಬದುಕಿದ್ದಾರೆ. ಮನೆಗೆ ಬಂದು ಹೋಗಿದ್ದಾರೆ."

"ಮನೆ ತನಕ ಬಂದವರು ಮಗಳಿಗೆ ಮುಖ ತೋರಿಸದೆ ಹೋಗ್ತಾರಾ?"

ಅವನು ಬೀರುವಿನ ಬಾಗಿಲು ಮುಚ್ಚಿದ. "ಅವಳೇ ಬರೆದಿದ್ರೆ ನಿಮ್ಮನ್ನ ಯಾಕೆ ಕರೆಸ್ತಿದ್ದಳು?" ಎಂದ.

ಒಳ್ಳೆಯ ಪ್ರಶ್ನೆ. ಉಳಿದದ್ದನ್ನು ಬರೆದವರು ಯಾರು ಎಂದು ತಿಳಿಯುವುದಕ್ಕೆ ಕರೆಸಿರಬಹುದು. ಆದರೆ ಮೂವತ್ತೊಂದೂ ಸುಳ್ಳು ಎಂದು ಮೊದಲೇ ಗೊತ್ತಿದ್ದವಳು, ಅಪ್ಪ ಬದುಕಿದ್ದಾರೆಯೇ ಎಂದು ತನ್ನ ಕಚೇರಿಯಲ್ಲಿ ಕೂತು ಅಷ್ಟು ಅತ್ತದ್ದು ಏಕೆ? ಸಂಶಯಮ್ಮನಿಗೆ ಮೊದಲ ಬಾರಿಗೆ ತನ್ನ ಬಿರುದು ಭಾರವೆನಿಸಿತು. ಆ ಹುಡುಗಿಯನ್ನು ಅವಳು ಮೆಚ್ಚಿಕೊಂಡಿದ್ದಳು.

ಮೆಟ್ಟಿಲಿಳಿಯುವಾಗ ಕೆಳಗೆ ಅಚ್ಚಿನ ಯಂತ್ರ ಗುಡುಗುಟ್ಟುತ್ತಾ ಶುರುವಾಯಿತು. ಮುಂದಿನ ವಾರ ಬಿಡುಗಡೆ ಎಂದು ಊರಿಡೀ ಭಿತ್ತಿಪತ್ರ ಅಂಟಿಸಿದ್ದರು.

ರಸ್ತೆಯಾಚೆ ಕಾರಿನ ಪಕ್ಕದಲ್ಲಿ ಮಗಳು ನಿಂತಿದ್ದಳು. ಸಂಶಯಮ್ಮ ಹತ್ತಿರ ಬರುವ ತನಕವೂ ಕಾಯಲಾಗದೆ ಅರ್ಧ ರಸ್ತೆಗೆ ಬಂದಳು.

"ಮಾವಾನೇನಾ?"

"ಮೂವತ್ತೊಂದು ಅಧ್ಯಾಯ ಅವರದ್ದೇ. ಸಹಿಯೂ ಅವರದ್ದೇ. ಒಪ್ಕೊಂಡ್ರು."

ಮಗಳು ಅಳತೊಡಗಿದಳು. ದಾರಿಹೋಕರು ತಿರುಗಿ ನೋಡಿದರು. ಸಂಶಯಮ್ಮ ಅವಳ ತೋಳು ಹಿಡಿದು ಕಾರಿನೊಳಗೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತು ಬಾಗಿಲೆಳೆದುಕೊಂಡಳು. ಅಳು ನಿಜವಾದದ್ದು. ಅದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ.

"ಕೇಳಿಲ್ಲಿ," ಎಂದಳು. "ಕೊನೆಯ ಅಧ್ಯಾಯ ಮಾತ್ರ ಅವರು ಬರೆದಿಲ್ಲ. ಅದರಲ್ಲಿ ಸೇತುವೆ ಸರಿಯಾದ ಜಾಗದಲ್ಲಿದೆ."

ಅಳು ನಿಂತಿತು.

ಅಪ್ಪನನ್ನು ಹುಡುಕುವ ಯಾವ ಮಗಳಾದರೂ ಈಗ ಕೇಳುವ ಪ್ರಶ್ನೆ ಒಂದೇ: ಹಾಗಾದರೆ ಅಪ್ಪ ಇದ್ದಾರಾ? ಸಂಶಯಮ್ಮ ಅದಕ್ಕೆ ಉತ್ತರವನ್ನೂ ಜೋಡಿಸಿಕೊಂಡಿದ್ದಳು. ಕೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಮಗಳು ಅಂಗೈಯಿಂದ ಮುಖ ಒರೆಸಿಕೊಂಡು, ಕಾರಿನ ಗಾಜನ್ನು ಇಳಿಸಿ, ಯಂತ್ರದ ಸದ್ದು ಬರುತ್ತಿದ್ದ ಕಡೆ ಕಿವಿಗೊಟ್ಟಳು.

"ಆ ಅಧ್ಯಾಯ ಅಚ್ಚಿಗೆ ಹೋಯ್ತಾ?" ಎಂದು ಕೇಳಿದಳು.